ಇಬ್ಬರು ಕೂರುವ ಬೆಂಚು

ನಮ್ಮಕ್ಕನ ಮನೆಗೆ ಹೋದವರು ಯಾರೇ ಆಗಲಿ, ಮೊದಲು ಎಡವುವುದು ಆ ಬೆಂಚಿಗೆ. ಇರುವುದೇ ಒಂದು ಕೋಣೆ, ಅದರಾಚೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ಆ ಒಂದು ಕೋಣೆಯ ಅರ್ಧವನ್ನು ಏಳಡಿ ಉದ್ದದ ಮರದ ಬೆಂಚು ಮತ್ತು ಅದರ ಮುಂದಿನ ಮೇಜು ನುಂಗಿ ಕೂತಿವೆ. ನನ್ನ ಮೊಣಕಾಲಿಗೆ ಅದು ಬಡಿದದ್ದು ಒಂದು ಸಲವೇ, ಎರಡು ಸಲವೇ! "ಅಕ್ಕಾ, ಈ ದರಿದ್ರ ಬೆಂಚನ್ನ ಯಾರಿಗಾದ್ರೂ ಕೊಟ್ಟು ಒಂದು ಒಳ್ಳೆ ಕುರ್ಚಿ ಹಾಕ್ಕೋ, ನಾನೇ ತಂದುಕೊಡ್ತೀನಿ" ಎಂದು ವರ್ಷಗಟ್ಟಲೆ ಬಡಕೊಂಡೆ. "ನೀನು ನೋಡ್ಕೊಂಡು ನಡಿ" ಎನ್ನುವುದು ಅವಳ ಒಂದೇ ಉತ್ತರ.

ಬೆಂಚು ಇಬ್ಬರಿಗೆ ಮಾಡಿದ್ದು. ಅಕ್ಕ ಒಬ್ಬಳೇ. ಆದರೂ ಆರಾಮಾಗಿ ನಡುವೆ ಕೂರುತ್ತಾಳೆಯೇ? ಇಲ್ಲ. ಬಲತುದಿಯಲ್ಲಿ, ಗೋಡೆಗೆ ಭುಜ ತಾಗುವಷ್ಟು ಒತ್ತಿಕೊಂಡು ಕೂರುತ್ತಾಳೆ. ಎಡಗಡೆ ಅಷ್ಟು ಉದ್ದ ಖಾಲಿ. ಅಲ್ಲಿ ನಾನು ನನ್ನ ಚೀಲ ಇಟ್ಟರೂ ತೆಗೆದು ಕೆಳಗಿಡುತ್ತಾಳೆ. ನಾನು ಇದನ್ನು ವಯಸ್ಸಾದವರ ಹಟ ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ ಓಡುವುದು.

ಅಕ್ಕನಿಗೆ ಈಗ ಐವತ್ತೆಂಟು. ಇಪ್ಪತ್ತಾರು ವರ್ಷ ಒಂದು ಬೈಂಡಿಂಗ್ ಕಾರ್ಖಾನೆಯಲ್ಲಿ ಪುಸ್ತಕ ಹೊಲಿದವಳು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಕೈಗೆ ಮೆತ್ತಿದ ಅಂಟು ಒಣಗಲೇ ಇಲ್ಲ, ಉಂಗುರ ಹಾಕೋದು ಹೇಗೆ?" ಎಂದು ನಗಿಸಿ ಕಳಿಸುತ್ತಾಳೆ. ನಾನು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅರ್ಜಿ ತುಂಬಿಕೊಡುವುದು, ಫೋಟೊ ಪ್ರಿಂಟ್ ಹಾಕುವುದು, ಸಣ್ಣಪುಟ್ಟ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಕಂಪ್ಯೂಟರ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಬೀದಿಯವರೆಲ್ಲ ನಂಬಿದ್ದರು. ನಾನಂತೂ ನಂಬಿಯೇ ನಂಬಿದ್ದೆ.

ಆ ಬೈಂಡಿಂಗ್ ಕಾರ್ಖಾನೆಯಲ್ಲಿ ಕಚೇರಿಗಳಿಗೆ ಬೇಕಾದ ಮಹಾ ದಪ್ಪ ರಿಜಿಸ್ಟರುಗಳನ್ನು ಹೊಲಿಯುತ್ತಿದ್ದರು. ಹಾಳೆಗಳನ್ನು ಮಡಿಸಿ ಒಂದರೊಳಗೊಂದು ಸೇರಿಸಿದ ಕಟ್ಟಿಗೆ ಅವರು ಫಾರಂ ಎನ್ನುತ್ತಾರೆ. ಅಂಥ ನಲವತ್ತು ಫಾರಂ ಸೇರಿದರೆ ಒಂದು ರಿಜಿಸ್ಟರು. ಒಬ್ಬರೇ ಹೊಲಿಯಲು ಹೋದರೆ ಅರ್ಧಕ್ಕೇ ಕೈ ಸೋಲುತ್ತದೆ. ಹಾಗಾಗಿ ಯಜಮಾನರು ಒಂದು ಬೆಂಚಿಗೆ ಇಬ್ಬರನ್ನು ಕೂರಿಸುತ್ತಿದ್ದರು. ಒಬ್ಬಳು ಮೊದಲ ಫಾರಮ್ಮಿನಿಂದ, ಇನ್ನೊಬ್ಬಳು ಕೊನೆಯ ಫಾರಮ್ಮಿನಿಂದ ಹೊಲಿಯುತ್ತ ಬರಬೇಕು. ನಡುವೆ ಇಬ್ಬರ ದಾರವೂ ಕೂಡಿದಾಗ ಸೇರಿಸಿ ಗಂಟು ಹಾಕಬೇಕು. ಅದಕ್ಕೆ ನಡುಗಂಟು ಎಂದು ಹೆಸರು. ಒಬ್ಬರೇ ಹೊಲಿದ ಪುಸ್ತಕಕ್ಕೆ ಗಂಟು ಕೊನೆಯಲ್ಲಿರುತ್ತದೆ, ಇಬ್ಬರು ಹೊಲಿದದ್ದಕ್ಕೆ ನಡುವೆ.

ಪಕ್ಕಪಕ್ಕ ಕೂತು ಹೊಲಿಯುವಾಗ ಮೊಣಕೈಗೆ ಮೊಣಕೈ ಬಡಿದು ದಿನಾ ಜಗಳ. ಅಕ್ಕನ ಬೆಂಚಿನಲ್ಲಿ ಮಾತ್ರ ಆ ತಾಪತ್ರಯವಿರಲಿಲ್ಲ. ಅವಳ ಜೊತೆಗಾತಿ ಎಡಗೈಯವಳು. ಅವಳು ಎಡಗಡೆ, ಅಕ್ಕ ಬಲಗಡೆ. ಇಬ್ಬರ ಸೂಜಿ ಹಿಡಿದ ಕೈಯೂ ಹೊರಗಡೆಗೆ ಹೋಗುತ್ತಿತ್ತು. ಒಳಗಡೆಯ ಭುಜಗಳು ಒಂದಕ್ಕೊಂದು ಆತುಕೊಂಡಿರುತ್ತಿದ್ದವು. ಹನ್ನೊಂದು ವರ್ಷ ಹಾಗೆ ಕೂತರು. ಅಕ್ಕ ಅವಳನ್ನು ಎಡಚಿ ಎನ್ನುತ್ತಿದ್ದಳು. ದಾರವನ್ನು ಪುಸ್ತಕದ ಪ್ರಾಣ ಹೋಗುವಷ್ಟು ಎಳೆದು ಕಟ್ಟುತ್ತಿದ್ದ ಅಕ್ಕನಿಗೆ ಎಡಚಿ ಇಟ್ಟ ಹೆಸರು ಬಿಗಿಯಮ್ಮ.

ಎಡಚಿ ನಮ್ಮ ಮನೆಗೂ ಬರುತ್ತಿದ್ದಳು. ಅವಳು ಬಂದರೆ ಮನೆ ತುಂಬ ಗಲಾಟೆ. ಅಕ್ಕ ಒಂದು ಮಾತಾಡುವಷ್ಟರಲ್ಲಿ ಇವಳು ಹತ್ತಾಡುವವಳು. "ಏನಪ್ಪಾ ಇಂಜಿನಿಯರೇ, ಇವತ್ತು ಯಾರ ರೇಡಿಯೋ ಹಾಳು ಮಾಡಿದ್ರಿ?" ಎಂದು ನನ್ನನ್ನು ರೇಗಿಸುತ್ತಿದ್ದಳು. ನನಗೆ ಉರಿದುಹೋಗುತ್ತಿತ್ತು. ಆಮೇಲೆ ಒಂದು ದಿನ ಬರುವುದನ್ನು ನಿಲ್ಲಿಸಿದಳು. ಹೊಲಿಯುವ ಯಂತ್ರ ಬಂತು, ಕೆಲಸ ಹೋಯಿತು, ಗಂಡನ ಜೊತೆ ಬೇರೆ ಊರಿಗೆ ಹೋದಳು ಎಂದಷ್ಟೇ ಅಕ್ಕ ಹೇಳಿದಳು. ಅಕ್ಕ ಹಾಕಿದ ಎರಡು ಕಾಗದ ವಿಳಾಸದಾರರು ಇಲ್ಲವೆಂದು ತಿರುಗಿ ಬಂದವು. ಮುಂದೆ ಕಾರ್ಖಾನೆಯೇ ಮುಚ್ಚಿತು. ಯಜಮಾನರು ಸಾಮಾನುಗಳನ್ನೆಲ್ಲ ತೂಕಕ್ಕೆ ಹಾಕುವಾಗ ಅಕ್ಕ ಹೋಗಿ ಆ ಬೆಂಚು, ಮೇಜು ಎರಡನ್ನೂ ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದಳು. ಅವತ್ತು ಬಾಗಿಲಲ್ಲಿ ಅದನ್ನು ಒಳಗೆ ನುಗ್ಗಿಸಲು ನಾನು ಪಟ್ಟ ಪಾಡು ಬೇಡ.

ಬ್ಲಾಗಿನ ವಿಷಯ ಎತ್ತಿದ್ದು ಅವಳೇ. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಏನೋ, ಬ್ಲಾಗು ಅಂತಾರಲ್ಲ, ಅದನ್ನ ಯಾವ ಊರಲ್ಲಿರೋರು ಬೇಕಾದ್ರೂ ಓದಬಹುದಾ?"

"ಹೂಂ, ಫೋನಿದ್ರೆ ಸಾಕು."

"ಓದಿದೋರು ತಿರುಗಿ ನಮಗೆ ಬರೀಬಹುದಾ?"

"ಬರೀಬಹುದು. ಕೆಳಗೆ ಜಾಗ ಇರುತ್ತೆ."

"ಹಾಗಾದ್ರೆ ನನಗೊಂದು ಮಾಡಿಕೊಡು."

ಆ ಎರಡನೇ ಪ್ರಶ್ನೆಯನ್ನು ನಾನು ಗಮನಿಸಬೇಕಿತ್ತು. ನನ್ನ ತಲೆ ಆಗಲೇ ವ್ಯಾಪಾರಕ್ಕೆ ಓಡಿತ್ತು. ಕೈಯಲ್ಲಿ ಹೊಲಿದ ನೋಟ್‌ಬುಕ್ಕಿಗೆ ಈಗ ಬೇಡಿಕೆ ಇದೆ, ಪಾಠದ ನೆಪದಲ್ಲಿ ಜನರನ್ನು ಸೇರಿಸಿ ಪುಸ್ತಕ ಮಾರೋಣ ಎಂದು ಲೆಕ್ಕ ಹಾಕಿದೆ. 'ಹೊಲಿದ ಪುಸ್ತಕ' ಎಂದು ಹೆಸರಿಟ್ಟು ಎರಡು ದಿನದಲ್ಲಿ ಬ್ಲಾಗು ಕಟ್ಟಿದೆ. ಅದಕ್ಕಾಗಿಯೇ ಒಂದು ಹೊಸ ಈಮೇಲ್ ತೆರೆದೆ. ಅಕ್ಕ ಏನನ್ನಾದರೂ ಒತ್ತಿ ಕೆಡಿಸಿಟ್ಟಾಳು ಎಂದು ಅವಳ ಫೋನಿಗೆ ಬರೆಯುವ ಅಧಿಕಾರ ಮಾತ್ರ ಕೊಟ್ಟು, ಬೀಗದ ಕೈಯೆಲ್ಲ ನನ್ನ ಸೊಂಟದಲ್ಲಿಟ್ಟುಕೊಂಡೆ. ಆರ್ಡರಿಗೆಂದು ಅಂಗಡಿಯ ಫೋನ್ ನಂಬರನ್ನು ಪುಟದ ಕೆಳಗೆ ಹಾಕಿದೆ.

ಮೊದಲ ವಾರವೇ ಒಂದು ಪ್ರತಿಕ್ರಿಯೆ ಬಂತು. ಯಾರೋ ಪುಣ್ಯಾತ್ಮ ಬರೆದಿದ್ದ: "ಅಜ್ಜಿ, ಮಾಡೋಕೆ ಬೇರೆ ಕೆಲಸ ಇಲ್ವಾ? ಮೂಲೆ ಅಂಗಡೀಲಿ ಸಿಗೋ ಪುಸ್ತಕಕ್ಕೆ ಇಷ್ಟು ರಾಮಾಯಣ ಯಾಕೆ?" ನನಗೆ ಎಲ್ಲಿತ್ತೋ ಸಿಟ್ಟು! ನಮ್ಮಕ್ಕನನ್ನು ಅಜ್ಜಿ ಎನ್ನಲು ಇವನು ಯಾವ ದೊಡ್ಡ ಮನುಷ್ಯ? ಅಕ್ಕ ನೋಡುವ ಮೊದಲೇ ಅಳಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಿಟ್ಟಿನಲ್ಲೇ ಸೆಟ್ಟಿಂಗಿಗೆ ಹೋಗಿ, 'ಲೇಖಕರು ಒಪ್ಪಿದ ಮೇಲೆ ಮಾತ್ರ ಪ್ರತಿಕ್ರಿಯೆ ಕಾಣಲಿ' ಎನ್ನುವ ಚೌಕಕ್ಕೆ ಟಿಕ್ ಹೊಡೆದೆ. ಯಾರಾದರೂ ಬರೆದರೆ ಆ ಹೊಸ ಈಮೇಲಿಗೆ ಸುದ್ದಿ ಬರುತ್ತದೆ, ನಾನು ನೋಡಿ ಒಳ್ಳೆಯದನ್ನು ಬಿಡೋಣ ಎಂದುಕೊಂಡೆ. ಆಮೇಲೆ ಅಂಗಡಿಯ ಕಂಪ್ಯೂಟರ್ ಬದಲಾಯಿತು. ಆ ಈಮೇಲನ್ನು ಮತ್ತೆ ತೆರೆಯಲಿಲ್ಲ. ಟಿಕ್ ಹೊಡೆದದ್ದೂ ಮರೆತೇಹೋಯಿತು.

ಅಕ್ಕ ಬರೆಯತೊಡಗಿದಳು. ವಾರಕ್ಕೊಂದು ಪಾಠ. ದಾರಕ್ಕೆ ಮೇಣ ಸವರುವುದು ಹೇಗೆ, ರಟ್ಟನ್ನು ಒಂದೇ ಏಟಿಗೆ ಕತ್ತರಿಸಬಾರದು ಯಾಕೆ, ಅಂಟು ತೆಳ್ಳಗಾದರೆ ಏನಾಗುತ್ತದೆ. ಮಾತಾಡುವಂತೆಯೇ ಬರೆಯುತ್ತಿದ್ದಳು. "ಸೂಜಿ ಚುಚ್ಚಿಕೊಂಡ್ರೆ ಹೆದರಬೇಡಿ, ಪುಸ್ತಕಕ್ಕೂ ನಿಮ್ಮ ಗುರುತು ಸಿಗಬೇಕಲ್ಲ" ಎಂದು ಒಂದು ಕಡೆ ಬರೆದಿದ್ದಾಳೆ. ಫೋಟೊದಲ್ಲಿ ಅವಳ ಮುಖವಿಲ್ಲ, ಕೈಗಳು ಮಾತ್ರ. ಓದುವವರು ನಿಧಾನಕ್ಕೆ ಹೆಚ್ಚಿದರು. ಪುಸ್ತಕ ಬೇಕೆಂದು ಅಂಗಡಿಗೆ ಫೋನು ಬರತೊಡಗಿತು.

ನನಗೂ ಅವಳಿಗೂ ಜಗಳ ಶುರುವಾದದ್ದು ಅಲ್ಲಿಯೇ. ಅವಳು ಸಣ್ಣ ನೋಟ್‌ಬುಕ್ಕನ್ನೂ ಎರಡು ದಾರದಲ್ಲಿ ಹೊಲಿಯುತ್ತಿದ್ದಳು. ಒಂದು ತುದಿಯಿಂದ ನಡುವಿನ ತನಕ ಹೊಲಿದು ನಿಲ್ಲಿಸಿ, ಪುಸ್ತಕ ತಿರುಗಿಸಿ, ಇನ್ನೊಂದು ತುದಿಯಿಂದ ಬೇರೆ ದಾರದಲ್ಲಿ ಹೊಲಿದು ಬಂದು, ನಡುವೆ ಗಂಟು ಹಾಕುತ್ತಿದ್ದಳು. ಒಂದು ದಾರದಲ್ಲಿ ಮುಗಿಯುವ ಕೆಲಸಕ್ಕೆ ದುಪ್ಪಟ್ಟು ಹೊತ್ತು.

"ಅಕ್ಕಾ, ಎಂಟು ಫಾರಂ ಪುಸ್ತಕಕ್ಕೆ ನಡುಗಂಟು ಯಾಕೆ? ಕೊನೇಲಿ ಗಂಟು ಹಾಕಿ ಎಸಿ. ತಿಂಗಳಿಗೆ ಇಪ್ಪತ್ತು ಮಾಡಬಹುದು."

"ಕೈಗೆ ಅಭ್ಯಾಸ ಆಗಿಬಿಟ್ಟಿದೆ."

"ಅಭ್ಯಾಸ ಬಿಡಿಸ್ಕೋ."

"ನೀನು ಮೊದಲು ಗೊರಕೆ ಬಿಡು, ಆಮೇಲೆ ನೋಡೋಣ."

ನನ್ನ ಹೆಂಡತಿ ಪಕ್ಕದಲ್ಲೇ ಇದ್ದು ಕಿಸಕ್ಕೆಂದಳು. ಇವರಿಬ್ಬರೂ ಸೇರಿದರೆ ನನ್ನ ಮಾತು ನೀರಲ್ಲಿ ಹೋಮ ಮಾಡಿದಂತೆ.

ಪಾರ್ಸಲ್ ಕೊಡಲು ದಿನ ಬಿಟ್ಟು ದಿನ ಅವಳು ಅಂಗಡಿಗೆ ಬರುತ್ತಿದ್ದಳು. ಬಂದವಳು ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದಳು.

"ಯಾರಾದ್ರೂ ಏನಾದ್ರೂ ಬರೆದಿದ್ದಾರೇನೋ?"

"ಇಲ್ಲಕ್ಕಾ. ಜನ ಓದ್ತಾರೆ, ಬರೆಯೋಕೆ ಸೋಮಾರಿತನ."

"ಓದಿದ್ದಾರಾ?"

"ನಿನ್ನೆ ಅರವತ್ತು ಜನ ಓದಿದ್ದಾರೆ ನೋಡು."

ಪುಟದ ಕೆಳಗೇ ಕಾಣುವ ಲೆಕ್ಕವನ್ನು ತೋರಿಸಲು ನಾನು ಪರದೆಯನ್ನು ಅವಳ ಕಡೆ ತಿರುಗಿಸುತ್ತಿದ್ದೆ. ಅರವತ್ತು ಎನ್ನುವ ಅಂಕಿಯನ್ನು ಅವಳು ತುಂಬಾ ಹೊತ್ತು ನೋಡುತ್ತಿದ್ದಳು, ಹೊರಟ ಬಸ್ಸಿನ ಕಿಟಕಿಗಳಲ್ಲಿ ಯಾರನ್ನೋ ಹುಡುಕುವವರ ಹಾಗೆ. ಆಮೇಲೆ "ಸರಿ, ಬರ್ತೀನಿ" ಎಂದು ಏಳುತ್ತಿದ್ದಳು. ಐದು ವರ್ಷ ಅವಳು ಆ ಪ್ರಶ್ನೆ ಕೇಳಿದಳು, ಐದು ವರ್ಷ ನಾನು ಇಲ್ಲ ಎಂದೆ.

ಈ ವರ್ಷದ ಆರಂಭದಲ್ಲಿ ಬ್ಲಾಗು ಇಟ್ಟಿದ್ದ ಕಂಪನಿಯವರು ಹಳೆಯ ಪುಟಗಳನ್ನೆಲ್ಲ ಮುಚ್ಚುತ್ತೇವೆ, ಮೂರು ತಿಂಗಳೊಳಗೆ ಬೇರೆಡೆಗೆ ಸಾಗಿಸಿಕೊಳ್ಳಿ ಎಂದು ಪುಟದ ನೆತ್ತಿಯ ಮೇಲೆ ಸೂಚನೆ ಹಾಕಿದರು. ಸಾಗಿಸಬೇಕಾದರೆ ಆ ಹಳೆಯ ಈಮೇಲ್ ಬೇಕು. ಪಾಸ್‌ವರ್ಡ್ ಹುಡುಕಲು ಒಂದು ಇಡೀ ಬೆಳಿಗ್ಗೆ ಹೋಯಿತು. ಕೊನೆಗೆ ಹಳೆಯ ಟೋನರ್ ಡಬ್ಬಿಯ ಮುಚ್ಚಳದ ಮೇಲೆ ನಾನೇ ಬರೆದಿಟ್ಟದ್ದು ಸಿಕ್ಕಿತು. ಒಳಗೆ ಹೋದೆ. ಎಡಗಡೆ ಸಾಲಿನಲ್ಲಿ ಕೆಂಪಕ್ಷರದಲ್ಲಿ ಹೀಗಿತ್ತು: ನಿಮ್ಮ ಒಪ್ಪಿಗೆಗೆ ಕಾಯುತ್ತಿರುವ ಪ್ರತಿಕ್ರಿಯೆಗಳು, ನಾನೂರ ಹನ್ನೆರಡು.

ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು, ಅವರ ಗುರುತಿನ ಚೀಟಿ ಇನ್ನೂ ಯಂತ್ರದ ಗಾಜಿನ ಮೇಲಿತ್ತು. "ಆಮೇಲೆ ಬನ್ನಿ ಸಾರ್" ಎಂದು ಅದನ್ನು ಅವರ ಕೈಗೆ ತುರುಕಿ ಕಳಿಸಿಬಿಟ್ಟೆ.

ಮುಕ್ಕಾಲು ಪಾಲು ಕೂದಲೆಣ್ಣೆ, ತೂಕ ಇಳಿಸುವ ಪುಡಿ, ಕೂತಲ್ಲೇ ಲಕ್ಷ ಗಳಿಸುವ ದಾರಿ. ನಡುನಡುವೆ ಒಳ್ಳೆಯವರೂ ಇದ್ದರು. "ಮೇಡಂ, ನಿಮ್ಮ ಪಾಠ ನೋಡಿ ಅಪ್ಪನ ಡೈರಿ ಹೊಲಿದೆ" ಎಂದು ಒಬ್ಬರು. ಅವರಿಗೆಲ್ಲ ನಾವು ಒಂದು ಧನ್ಯವಾದವನ್ನೂ ಹೇಳಿರಲಿಲ್ಲ. ಹಾಗೇ ಕೆಳಗಿಳಿಯುತ್ತ ಹೋದೆ. ಎಲ್ಲಕ್ಕಿಂತ ತಳದಲ್ಲಿ, ನಾನು ಟಿಕ್ ಹೊಡೆದ ತಿಂಗಳಿನದೇ ಒಂದಿತ್ತು. ಬರೆದವರ ಹೆಸರು: ಎಡಚಿ.

"ಬಿಗಿಯಮ್ಮಾ, ಫೋಟೊದಲ್ಲಿರೋದು ನಿನ್ನ ಕೈ. ಹೆಬ್ಬೆರಳ ಹತ್ತಿರ ರಟ್ಟಿನ ಚಾಕು ಕಚ್ಚಿದ ಗುರುತು ಹಾಗೇ ಇದೆ. ಎಲ್ಲ ಬಲಗೈಯವರಿಗೇ ಬರೆದಿದ್ದೀಯ, ಎಡಗೈಯವರು ಏನು ಮಾಡಬೇಕು? ಮರೆತೆಯಾ?"

ಅದರ ಮೇಲಿನದು ಒಂದು ವಾರದ ನಂತರದ್ದು. "ನಾನು ಬರೆದದ್ದು ಕಾಣ್ತಿಲ್ಲ. ಲೇಖಕರು ಒಪ್ಪಿದ ಮೇಲೆ ಕಾಣುತ್ತೆ ಅಂತ ಬರ್ತಿದೆ. ಲೇಖಕರೇ, ದಯವಿಟ್ಟು ಒಪ್ಪಿ."

ಮತ್ತೆ ಎರಡು ತಿಂಗಳ ನಂತರ: "ಒಪ್ಪಲಿಲ್ಲ. ಇರಲಿ. ಸಿಟ್ಟು ಮಾಡ್ಕೋಬೇಕಾದವಳು ನಾನು ಕಣೇ. ಅದನ್ನೂ ನೀನೇ ತಗೊಂಡೆಯಾ?"

ಹತ್ತೊಂಬತ್ತು ಇದ್ದವು. ಒಂದೊಂದನ್ನೇ ಓದಿದೆ. "ನಿನ್ನ ಪುಸ್ತಕಕ್ಕೆ ಗಂಟು ನಡುವೆ ಇದೆ. ಒಬ್ಬಳೇ ಹೊಲಿಯೋಳು ನಡುಗಂಟು ಯಾಕೆ ಹಾಕ್ತೀಯ? ಯಾಕೆ ಅಂತ ನನಗೆ ಗೊತ್ತು ಅಂದ್ಕೊಂಡಿದ್ದೀನಿ. ನನ್ನ ಭ್ರಮೆಯಾದ್ರೆ ಹಾಗಂತ ಹೇಳಿಬಿಡು." ಮೂರನೇ ವರ್ಷದ್ದು ಇನ್ನೊಂದು: "ಎಡಗೈ ಸ್ವಾಧೀನ ತಪ್ಪಿದೆ. ಬಾಯಿ ಮಾತ್ರ ಚೆನ್ನಾಗೇ ಇದೆ, ನೀನು ಖುಷಿ ಪಡೋ ಹಾಗಿಲ್ಲ. ಬಲಗೈಗೆ ಏನಾದ್ರೂ ಕೆಲಸ ಕೊಡಿ ಅಂತ ಡಾಕ್ಟರು ಹೇಳಿದ್ರು. ನಿನ್ನ ಪಾಠಗಳನ್ನ ಮೊದಲಿಂದ ಶುರು ಮಾಡಿದ್ದೀನಿ. ಎಡಗೈಯವರಿಗೆ ಬರೀಲಿಲ್ಲ ಅಂತ ಬೈದಿದ್ದೆ, ಈಗ ಅದೇ ಒಳ್ಳೇದಾಯ್ತು ನೋಡು." ಆರು ತಿಂಗಳ ನಂತರ: "ಬಲಗೈಯಲ್ಲಿ ಎಂಟು ಫಾರಂ ಹೊಲಿದೆ. ಸೊಟ್ಟ. ಹದಿನಾರನೇ ಪಾಠದ ಮೂರನೇ ಫೋಟೊ ಮಸುಕಾಗಿದೆ, ಮತ್ತೆ ತೆಗಿ."

ಹದಿನೆಂಟನೆಯದರಲ್ಲಿ ಹೀಗಿತ್ತು: "ಕೆಳಗಿರೋ ನಂಬರಿಗೆ ಫೋನ್ ಮಾಡೋಣ ಅಂತ ಎರಡು ಸಲ ಒತ್ತಿ ಇಟ್ಟುಬಿಟ್ಟೆ. ಬರೆದದ್ದನ್ನೇ ಬೇಡ ಅಂದವಳಿಗೆ ದನಿ ಕೇಳಿಸಿ ಏನು ಮಾಡಲಿ?"

ಕೊನೆಯದು ಎಂಟು ತಿಂಗಳ ಹಿಂದಿನದು. "ಇದು ಹತ್ತೊಂಬತ್ತನೇದು. ಅಷ್ಟು ಸಲವೂ ನೀನು ಓದಿ ಪಕ್ಕಕ್ಕಿಟ್ಟೆ. ಬೆಂಚಿನಲ್ಲಿ ನಿನಗೆ ಜಾಗ ಸಿಕ್ಕಿತಲ್ಲ ಅಂತ ನಾನು ಯಾವತ್ತೂ ಸಂಕಟ ಪಡಲಿಲ್ಲ. ನೀನು ಒಂದು ಮಾತು ಹೇಳಬಹುದಿತ್ತು, ಅಷ್ಟೇ ನನ್ನ ದುಃಖ. ಇನ್ನು ತೊಂದರೆ ಕೊಡಲ್ಲ. ಕೈ ಜೋಪಾನ."

ಉತ್ತರ ಬರಲಿಲ್ಲ ಎಂದು ಅವಳು ನೊಂದಿದ್ದರೆ ಅದು ಬೇರೆ. ಪ್ರತಿ ಸಲವೂ ಅವಳ ಪರದೆಯ ಮೇಲೆ 'ಲೇಖಕರು ಒಪ್ಪಿದ ಮೇಲೆ' ಎಂದು ಬಂದಿದೆ, ಪ್ರತಿ ಸಲವೂ ಲೇಖಕರು ಒಪ್ಪಿಲ್ಲ. ನಮ್ಮಕ್ಕ ಹತ್ತೊಂಬತ್ತು ಸಲ ಅವಳ ಮುಖಕ್ಕೆ ಬಾಗಿಲು ಹಾಕಿದ್ದಾಳೆ ಎಂದೇ ಅವಳ ನಂಬಿಕೆ. ಹಾಕಿದವನು ನಾನು.

ಸತ್ಯ ಹೇಳುತ್ತೇನೆ, ನಾನು ತಕ್ಷಣ ಅಕ್ಕನ ಹತ್ತಿರ ಓಡಲಿಲ್ಲ. ಮೊದಲು ಎಡಚಿಯನ್ನು ಹುಡುಕಿ, ಫೋನಿನಲ್ಲಿ ಮಾತಾಡಿ, ಎಲ್ಲ ಸರಿಮಾಡಿ, ಆಮೇಲೆ ಅಕ್ಕನಿಗೆ ಹೇಳಿದರೆ ನನ್ನ ಮಾನ ಉಳಿಯುತ್ತದಲ್ಲ! ಅವಳು ಈಮೇಲ್ ವಿಳಾಸ ಕೊಟ್ಟಿರಲಿಲ್ಲ, ಊರು ಬರೆದಿರಲಿಲ್ಲ. ಅವಳ ನಿಜವಾದ ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನವರು ನೂರಾರು. ಎರಡು ದಿನ ಹೀಗೆ ತಲೆ ಕೆಡಿಸಿಕೊಂಡು ಕೂತೆ. ಮೂರನೆಯ ದಿನ ಅಕ್ಕ ಪಾರ್ಸಲ್ ಹಿಡಿದು ಬಂದು, ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರಾದ್ರೂ ಏನಾದ್ರೂ ಬರೆದಿದ್ದಾರೇನೋ?"

ಈ ಸಲ ಇಲ್ಲ ಎನ್ನಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು, ಹತ್ತೊಂಬತ್ತನ್ನೂ ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ಅವಳ ಕೈಗೆ ಕೊಟ್ಟೆ. ಟಿಕ್ ಹೊಡೆದದ್ದು, ಮರೆತದ್ದು, ಎರಡು ದಿನ ಮುಚ್ಚಿಟ್ಟದ್ದು ಎಲ್ಲವನ್ನೂ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಒಂದು ಹಾಳೆ ಮುಗಿದರೆ ಮಡಿಲಲ್ಲಿ ಅಂಚಿಗೆ ಅಂಚು ಸೇರಿಸಿ ಇಡುತ್ತಿದ್ದಳು. ಎಡಗೈಯ ವಿಷಯ ಇದ್ದ ಹಾಳೆಯನ್ನು ಮಾತ್ರ ಕೆಳಗಿಡಲಿಲ್ಲ, ಹಿಡಿದುಕೊಂಡೇ ಉಳಿದದ್ದನ್ನು ಓದಿದಳು. ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನನ್ನ ಮನೆ ಬಾಗಿಲಿಗೆ ನೀನು ಯಾಕೋ ಚಿಲಕ ಹಾಕಿದೆ?" ಎಂದಳು. ಅಷ್ಟೇ.

ಆಮೇಲೆ ತಾನಾಗಿಯೇ ಹೇಳಿದಳು. ಯಂತ್ರ ಬಂದ ಮೇಲೆ ಒಂದು ಗುರುವಾರ ಸಂಜೆ ಯಜಮಾನರು ಅವಳೊಬ್ಬಳನ್ನೇ ಕರೆದರಂತೆ. ಸೋಮವಾರದಿಂದ ಕೈಹೊಲಿಗೆಗೆ ಒಬ್ಬಳು ಸಾಕು, ನೀನಿರು, ಅವಳಿಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದರಂತೆ.

"ಶುಕ್ರವಾರ, ಶನಿವಾರ ಎರಡು ದಿನ ಅವಳ ಪಕ್ಕದಲ್ಲೇ ಕೂತು ಹೊಲಿದೆ ಕಣೋ. ಅವಳ ಭುಜ ನನ್ನ ಭುಜಕ್ಕೆ ತಾಗ್ತಾನೇ ಇತ್ತು. ಬರೋ ತಿಂಗಳು ಇಬ್ಬರೂ ಒಂದೇ ಬಣ್ಣದ ಸೀರೆ ತಗೊಳ್ಳೋಣ ಅಂತಿದ್ದಳು. ನಾನು ಹೂಂ ಹೂಂ ಅಂದೆ. ಯಜಮಾನರು ಹೇಳೇ ಇರಲಿಲ್ಲ. ಸೋಮವಾರ ಊಟದ ಡಬ್ಬಿ ಹಿಡ್ಕೊಂಡು ಬಂದಳು. ಗೇಟಿನವನು ವಾಪಸ್ ಕಳಿಸಿದ. ಹೋಗುವಾಗ ಕಿಟಕಿಯಿಂದ ಒಂದು ಸಲ ಒಳಗೆ ನೋಡಿದಳು. ನಾನು ತಲೆ ಎತ್ತಲಿಲ್ಲ."

ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತ ಹೋಯಿತು. ಅಕ್ಕ ಅಳಲಿಲ್ಲ. ನನ್ನ ಕಣ್ಣೇ ತುಂಬಿತ್ತು, ನಾಚಿಕೆಗೋ ಏನೋ.

"ಈಗ ನಾನು ಉತ್ತರ ಬರೆದ್ರೆ ಅವಳಿಗೆ ಸಿಗುತ್ತಾ?"

"ಅವಳಾಗಿಯೇ ಬಂದು ನೋಡಿದ್ರೆ ಸಿಗುತ್ತೆ. ಇನ್ನು ಬರಲ್ಲ ಅಂತ ಬರೆದಿದ್ದಾಳಲ್ಲಕ್ಕಾ."

"ಬರಲ್ಲ ಅಂತ ಎಲ್ಲಿ ಬರೆದಿದ್ದಾಳೆ? ತೊಂದರೆ ಕೊಡಲ್ಲ ಅಂತ ಬರೆದಿದ್ದಾಳೆ. ನಾನು ಹೇಳೋದನ್ನ ಟೈಪ್ ಮಾಡು."

ಹತ್ತೊಂಬತ್ತನ್ನೂ ಅವಳ ಕೈಯಿಂದಲೇ ಒಪ್ಪಿಸಿದೆ. ಒಂದೊಂದಕ್ಕೂ ಅವಳು ಉತ್ತರ ಹೇಳಿದಳು, ಆ ದಿನವೇ ಓದಿದಳೋ ಎಂಬಂತೆ. "ಮರೆತಿಲ್ಲ ಕಣೇ." "ಮೂರನೇ ಫೋಟೊ ನಾಳೆಯೇ ತೆಗೀತೀನಿ." "ನಿನ್ನ ಭ್ರಮೆಯಲ್ಲ, ನಡುಗಂಟು ನಿನಗೇ." ಕೊನೆಯದಕ್ಕೆ "ಹೇಳಬೇಕಿತ್ತು. ಹೇಳಲಿಲ್ಲ. ನನ್ನದು ತಪ್ಪು" ಎಂದು ಬರೆಸಿದಳು. ಚಿಲಕದ ವಿಷಯಕ್ಕೆ ತಮ್ಮನ ಕಿವಿ ಹಿಂಡಿದ್ದಾಗಿದೆ ಎಂದೂ ಒಂದು ಸಾಲು ಸೇರಿಸಿದಳು. ನಾನು ಅಕ್ಷರ ಬಿಡದೆ ಟೈಪ್ ಮಾಡಿದೆ. ಆಮೇಲೆ ಆ ಟಿಕ್ ತೆಗೆಸಿ, ಬ್ಲಾಗನ್ನು ಹೊಸ ಜಾಗಕ್ಕೆ ಸಾಗಿಸಿ, ಹಳೆಯ ವಿಳಾಸಕ್ಕೆ ಬಂದವರೂ ಇಲ್ಲಿಗೇ ಬರುವಂತೆ ಮಾಡಿದೆ. ಜಾಹೀರಾತು ತಡೆಯುವ ವ್ಯವಸ್ಥೆಯೊಂದಿದೆ, ಹಾಕಲೇ ಎಂದು ಕೇಳಿದೆ.

"ಏನೂ ಹಾಕಬೇಡ. ಕೂದಲೆಣ್ಣೆಯೋರು ಬಂದ್ರೆ ಬರಲಿ. ನನಗೂ ಕೂದಲು ಉದುರ್ತಿದೆ."

ಮಾರನೆಯ ದಿನ ಹೋಗಿ ನೋಡುತ್ತೇನೆ, ಅಕ್ಕ ಬೆಂಚಿನ ಎಡತುದಿಯಲ್ಲಿ ಕೂತಿದ್ದಳು. ಅಲ್ಲಿ ಅವಳನ್ನು ನಾನು ಎಂದೂ ನೋಡಿರಲಿಲ್ಲ. ಎಡಗೈಯಲ್ಲಿ ಸೂಜಿ. ಮುಂದೆ ನಲವತ್ತು ಫಾರಮ್ಮಿನ ದಪ್ಪ ರಿಜಿಸ್ಟರು. ಬೆರಳಿಗೆ ಮೂರು ಕಡೆ ಪಟ್ಟಿ ಸುತ್ತಿದ್ದಳು.

"ಇದೇನಕ್ಕಾ ಹೊಸ ಸರ್ಕಸ್ಸು?"

"ಅವಳೀಗ ಬಲಗೈಯೋಳು. ಇಬ್ಬರೂ ಬಲಗೈಯಾದ್ರೆ ಮೊಣಕೈ ಬಡಿಯುತ್ತೆ. ಅದಕ್ಕೆ ನಾನು ಈ ಕಡೆ ಬಂದೆ."

ಅವಳು ಅದನ್ನು ಎಷ್ಟು ಸಾಧಾರಣವಾಗಿ ಹೇಳಿದಳೆಂದರೆ, ಎಡಚಿ ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಾಳೋ ಎನ್ನಬೇಕು. ಇಪ್ಪತ್ತು ಫಾರಂ ಹೊಲಿಯಲು ಅವಳಿಗೆ ಮೂರು ವಾರ ಹಿಡಿಯಿತು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ನಡುವಿಗೆ ಬಂದಾಗ ದಾರವನ್ನು ಗೇಣುದ್ದ ಬಿಟ್ಟು ನಿಲ್ಲಿಸಿದಳು. ಉಳಿದ ಇಪ್ಪತ್ತು ಫಾರಂ ಹಾಗೇ ಬಿಡಿಬಿಡಿಯಾಗಿ ಬಲಗಡೆ ಇಟ್ಟಳು. ಅದರ ಮೇಲೆ ಮೇಣ ಸವರಿದ ದಾರ, ಸೂಜಿ. ನನ್ನ ಕೈಯಲ್ಲಿ ಫೋಟೊ ತೆಗೆಸಿ, ಬ್ಲಾಗಿನಲ್ಲಿ ಹಾಕಿ, ಕೆಳಗೆ ಎರಡೇ ಸಾಲು ಬರೆದಳು: "ಎಡಚೀ, ನಿನ್ನ ಜಾಗದಲ್ಲಿ ನಾನು ಕೂತಿದ್ದೀನಿ. ನನ್ನ ಜಾಗ ನಿನಗೆ ಖಾಲಿ ಮಾಡಿದ್ದೀನಿ."

ನಂತರ ಕಾಯುವುದು ಶುರುವಾಯಿತು. ಈಗ ಅವಳು ನನ್ನನ್ನು ಏನೂ ಕೇಳುವುದಿಲ್ಲ, ತಾನೇ ಫೋನಿನಲ್ಲಿ ನೋಡುತ್ತಾಳೆ. ಚಹಾ ಕುದಿಯುವಾಗ ನೋಡುತ್ತಾಳೆ, ಅಂಟು ಕಲಸಿದ ಕೈ ಒರೆಸಿಕೊಂಡು ನೋಡುತ್ತಾಳೆ. ಬಾಗಿಲು ತೆರೆದ ಮೇಲೆ ಕೂದಲೆಣ್ಣೆಯವರು ಸಾಲುಗಟ್ಟಿ ಬಂದರು. ಅವಳು ಒಂದನ್ನೂ ಬಿಡದೆ ಓದಿದಳು. ಯಾರಾದರೂ ಪಾಠ ಚೆನ್ನಾಗಿದೆ ಎಂದರೆ ಒಳ್ಳೆಯ ಉತ್ತರ ಬರೆದಳು, ಬರೆಯುವಾಗ ಅವಳ ಕಣ್ಣು ಮುಂದಿನದನ್ನು ಹುಡುಕುತ್ತಿತ್ತು. ನಾನು ಹೋದಾಗಲೆಲ್ಲ ಬೆಂಚಿನ ಬಲಗಡೆ ಆ ಬಿಡಿ ಫಾರಂಗಳು ಹಾಗೇ ಇರುತ್ತಿದ್ದವು. ಮೇಲೆ ಒಂದು ಕಣ ಧೂಳೂ ಇರುತ್ತಿರಲಿಲ್ಲ. ಆ ಕೈಗೆ ಏನಾಗಿದೆಯೋ, ಅವಳು ಇದ್ದಾಳೋ ಇಲ್ಲವೋ ಎನ್ನುವ ಮಾತು ನನ್ನ ನಾಲಿಗೆ ತುದಿಯ ತನಕ ಬಂದು ವಾಪಸ್ ಹೋಗುತ್ತಿತ್ತು. ಅಕ್ಕನಿಗೂ ಅದೇ ಯೋಚನೆ ಇತ್ತೆಂದು ನನಗೆ ಗೊತ್ತು.

ಒಂದು ತಿಂಗಳಾಯಿತು. ಎರಡಾಯಿತು. ಮೂರನೆಯ ತಿಂಗಳ ನಡುವೆ, ಒಂದು ಬೆಳಿಗ್ಗೆ, ಅಂಗಡಿಗೆ ಅಕ್ಕನ ಫೋನು.

"ಬೇಗ ಬಾ."

"ಏನಾಯ್ತಕ್ಕಾ?"

"ಬಾ ಅಂದ್ರೆ ಬಾ. ಬೆಂಚು ಎಳೀಬೇಕು."

ಅಂಗಡಿಯನ್ನು ಹೆಂಡತಿಯ ಕೈಗೆ ಬಿಟ್ಟು ಓಡಿದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಫೋನನ್ನು ನನ್ನ ಮುಖಕ್ಕೆ ಹಿಡಿದಳು. ನಾನು ಅದನ್ನು ಇಸಿದುಕೊಂಡು ಓದಿದೆ.

"ಬಿಗಿಯಮ್ಮಾ, ಮೂರನೇ ಫಾರಂ ಸಡಿಲ ಇದೆ, ಫೋಟೊದಲ್ಲೇ ಕಾಣುತ್ತೆ. ಎಡಗೈ ಅಂದ್ರೆ ತಮಾಷೆ ಅಂದ್ಕೊಂಡಿದ್ದೆಯಾ? ಬಿಚ್ಚಿ ಮತ್ತೆ ಹೊಲಿ. ನಾನು ಬರೋ ಹೊತ್ತಿಗೆ ಸರಿ ಇರಬೇಕು. ಫೋಟೊದಲ್ಲಿರೋ ಆ ಗೋಡೆಗೆ ಒತ್ತಿಕೊಂಡು ಕೂರೋಕೆ ನನ್ನ ಕೈಲಾಗಲ್ಲ, ಬೆಂಚನ್ನ ಈಚೆಗೆ ಎಳಿಸು. ಇಂಜಿನಿಯರು ಇದ್ದಾರಲ್ಲ, ಅಷ್ಟಾದ್ರೂ ಮಾಡಲಿ."

ಯಾವತ್ತು ಬರುತ್ತಾಳೆ ಎಂದು ಬರೆದಿರಲಿಲ್ಲ. ಎಲ್ಲಿಂದ ಎಂದೂ ಇಲ್ಲ. ಅಕ್ಕ ಅದನ್ನು ಕೇಳಿ ಬರೆದಳಂತೆ, ಉತ್ತರ ಇನ್ನೂ ಬಂದಿಲ್ಲ.

ನಾನು ಬೆಂಚಿನ ಒಂದು ತುದಿ ಹಿಡಿದೆ, ಅಕ್ಕ ಇನ್ನೊಂದು. ಗೋಡೆಯಿಂದ ಎರಡಡಿ ಈಚೆಗೆ ಎಳೆದೆವು. ಈಗ ಆ ಮನೆಯಲ್ಲಿ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಅಡುಗೆಮನೆಗೆ ಅಡ್ಡಡ್ಡ ನುಸುಳಿ ಹೋಗಬೇಕು. ಮೊಣಕಾಲು ನೀವಿಕೊಳ್ಳುತ್ತ ತಿರುಗಿ ನೋಡಿದೆ. ಅಕ್ಕ ಎಡತುದಿಯಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, ಮೂರನೇ ಫಾರಂ ಬಿಚ್ಚುತ್ತಿದ್ದಳು.